ಸೀಟು ಯಾರದ್ದೆಂದು ಮೊದಲೇ ಬರೆದು ಹಾಕಿ: ಕ್ರೀಡಾ ಫೆಡರೇಷನ್‌ಗಳಿಗೊಂದು ಬಹಿರಂಗ ಪತ್ರ

ರಾಷ್ಟ್ರೀಯ ಕ್ರೀಡಾ ಫೆಡರೇಷನ್‌ಗಳ ಪದಾಧಿಕಾರಿಗಳಿಗೆ, ಆಯ್ಕೆ ಸಮಿತಿಗಳ ಸದಸ್ಯರಿಗೆ, ರಾಷ್ಟ್ರೀಯ ಒಲಿಂಪಿಕ್ ಸಮಿತಿಗಳಿಗೆ,

ಮಾನ್ಯರೇ,

ಅರ್ಹತಾ ಕೂಟದಲ್ಲಿ ಶೂಟರ್ ಒಬ್ಬಳು ಒಲಿಂಪಿಕ್ ಕೋಟಾ, ಅಂದರೆ ಕೂಟಕ್ಕೆ ಹೋಗುವ ಸೀಟು, ಗೆದ್ದ ಸಂಜೆ ಎಲ್ಲರ ಬಾಯಲ್ಲೂ ಒಂದೇ ಮಾತು: 'ಒಲಿಂಪಿಕ್ಸ್‌ಗೆ ಹೊರಟಳು.' ಹೊರಟಿರುವುದು ಅವಳ ದೇಶ, ಅವಳು ಇನ್ನೂ ಹೊರಟಿಲ್ಲ. ಶೂಟಿಂಗ್‌ನಲ್ಲಿ ಕೋಟಾ ಸೇರುವುದು ರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ. ಕನಿಷ್ಠ ಅರ್ಹತಾ ಸ್ಕೋರ್ ಮುಟ್ಟಿರುವ ಬೇರೊಬ್ಬರ ಹೆಸರನ್ನು ಆ ಜಾಗದಲ್ಲಿ ಬರೆಯುವ ಅಧಿಕಾರ ಸಮಿತಿಗಿದೆ. ಕುಸ್ತಿಯಲ್ಲೂ ಹೀಗೆಯೇ. ಟೆನಿಸ್, ಗಾಲ್ಫ್‌ನಲ್ಲಿ ಹಾಗಲ್ಲ. ರ‍್ಯಾಂಕಿಂಗ್ ಪಟ್ಟಿಯಲ್ಲಿ ಯಾರ ಹೆಸರಿದೆಯೋ ಸೀಟು ಅವರದ್ದು. ಅಥ್ಲೆಟಿಕ್ಸ್ ಇವೆರಡರ ನಡುವೆ ನಿಂತಿದೆ. ಅರ್ಹತೆ ಗಳಿಸುವುದು ವ್ಯಕ್ತಿಯೇ, ಆದರೆ ವೈಯಕ್ತಿಕ ಸ್ಪರ್ಧೆಯೊಂದಕ್ಕೆ ಒಂದು ದೇಶದಿಂದ 3 ಮಂದಿಗಿಂತ ಹೆಚ್ಚು ಹೋಗುವಂತಿಲ್ಲ. ನಾಲ್ಕನೆಯವರೂ ಅರ್ಹರಾದರೆ ಯಾರನ್ನು ಬಿಡಬೇಕೆಂದು ಹೇಳುವವರು ನೀವು.

ನಾವು ಕೇಳುತ್ತಿರುವುದು ಒಂದೇ. ಅರ್ಹತಾ ಅವಧಿ ಶುರುವಾಗುವ ಮೊದಲೇ ಆಯ್ಕೆ ನಿಯಮವನ್ನು ಬರೆದು, ಕ್ರೀಡಾಪಟುವಿಗೆ ಅರ್ಥವಾಗುವ ಭಾಷೆಯಲ್ಲಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಅವಧಿ ಮುಗಿದ ಮೇಲೆ ಬರುವ ನಿಯಮ ಎಷ್ಟೇ ನ್ಯಾಯವಾಗಿದ್ದರೂ, ಯಾರೋ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಎಂದೇ ಜನ ಓದುತ್ತಾರೆ. ಹಲವು ಸಲ ಅದು ಹಾಗೆಯೇ ಇರುತ್ತದೆ ಕೂಡ.

ವ್ಯವಸ್ಥೆಗೆ ಮೂರು ಅಂತಸ್ತು. ಒಟ್ಟು ಎಷ್ಟು ಮಂದಿ ಬರಬಹುದೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮಿತಿ ಹಾಕುತ್ತದೆ. ಪ್ಯಾರಿಸ್ 2024ಕ್ಕೆ ಆ ಮಿತಿ 10,500; ಅದರಲ್ಲಿ ಅಥ್ಲೆಟಿಕ್ಸ್‌ಗೆ 1,810, ಈಜಿಗೆ 852. ಲಾಸ್ ಏಂಜಲಿಸ್ 2028ಕ್ಕೆ ಅದೇ 10,500ರ ಜೊತೆಗೆ ಕ್ರಿಕೆಟ್ ಸೇರಿದಂತೆ ಐದು ಹೆಚ್ಚುವರಿ ಕ್ರೀಡೆಗಳಿಗೆ 698. ತನ್ನ ಪಾಲಿಗೆ ಬಂದ ಸೀಟುಗಳನ್ನು ಯಾವ ಕೂಟದಿಂದ, ಯಾವ ರ‍್ಯಾಂಕಿಂಗ್‌ನಿಂದ ತುಂಬಬೇಕೆಂದು ಆಯಾ ಕ್ರೀಡೆಯ ಅಂತರರಾಷ್ಟ್ರೀಯ ಫೆಡರೇಷನ್ ಬರೆಯುತ್ತದೆ. ಕೊನೆಯ ಅಂತಸ್ತು ನಿಮ್ಮದು: ಫೆಡರೇಷನ್ ಹೆಸರು ಶಿಫಾರಸು ಮಾಡುತ್ತದೆ, ರಾಷ್ಟ್ರೀಯ ಒಲಿಂಪಿಕ್ ಸಮಿತಿ ಎಂಟ್ರಿ ಕಳಿಸುತ್ತದೆ. ಒಲಿಂಪಿಕ್ ಚಾರ್ಟರ್‌ನ ಪ್ರಕಾರ ಎಂಟ್ರಿ ಕಳಿಸಲು ಬೇರೆ ಯಾರಿಗೂ ಹಕ್ಕಿಲ್ಲ. ವಿಶ್ವದಾಖಲೆ ಮಾಡಿದವರೂ ಈ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಮೇಲಿನ ಎರಡು ಅಂತಸ್ತಿನ ಕಾಗದಗಳು ವರ್ಷಗಳ ಮೊದಲೇ ಪ್ರಕಟವಾಗುತ್ತವೆ. ತಡವಾಗುವುದು, ಬಾಯಿಮಾತಿನಲ್ಲಿ ಉಳಿಯುವುದು ಮೂರನೆಯದ್ದು.

ಅಥ್ಲೆಟಿಕ್ಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅಲ್ಲಿಯೇ. ಪ್ಯಾರಿಸ್‌ಗೆ ಹೋಗಲು ಎರಡು ದಾರಿಗಳಿದ್ದವು: ನಿಗದಿತ ಅರ್ಹತಾ ಮಟ್ಟ ಮುಟ್ಟುವುದು, ಇಲ್ಲವೇ ವಿಶ್ವ ರ‍್ಯಾಂಕಿಂಗ್‌ನಲ್ಲಿ ಉಳಿದ ಸೀಟುಗಳೊಳಗೆ ಬರುವುದು. ಅರ್ಧದಷ್ಟು ಮಂದಿ ಮೊದಲ ದಾರಿಯಿಂದ, ಅರ್ಧದಷ್ಟು ಮಂದಿ ಎರಡನೆಯದರಿಂದ ಬರಲಿ ಎಂಬ ಲೆಕ್ಕದಲ್ಲೇ ಮಟ್ಟಗಳನ್ನು ಅಷ್ಟು ಬಿಗಿ ಮಾಡಿದ್ದು. ಪುರುಷರ 100 ಮೀಟರ್‌ಗೆ 10.00 ಸೆಕೆಂಡ್, ಮಹಿಳೆಯರ 100 ಮೀಟರ್‌ಗೆ 11.07, ಪುರುಷರ ಜಾವೆಲಿನ್‌ಗೆ 85.50 ಮೀಟರ್, ಪುರುಷರ ಮ್ಯಾರಥಾನ್‌ಗೆ 2 ಗಂಟೆ 8 ನಿಮಿಷ 10 ಸೆಕೆಂಡ್. ಹೆಚ್ಚಿನ ಸ್ಪರ್ಧೆಗಳಿಗೆ ಅವಧಿ 2023ರ ಜುಲೈ 1ರಿಂದ 2024ರ ಜೂನ್ 30. ಅವಧಿಯ ಹಿಂದಿನ ದಿನ ಮಾಡಿದ ಸಾಧನೆ ದಾಖಲೆ ಪುಸ್ತಕದಲ್ಲಿ ಉಳಿಯುತ್ತದೆ, ಅರ್ಹತೆಗೆ ಉಪಯೋಗವಿಲ್ಲ.

ಮಟ್ಟ ಮುಟ್ಟಿದರೂ ಅದು ಲೆಕ್ಕಕ್ಕೆ ಬಾರದಿರಲು ಕಾರಣಗಳು ಹಲವು, ಮತ್ತು ಬಹುಪಾಲು ಓಟಗಾರರ ಕೈಯಲ್ಲಿಲ್ಲ. ಕೂಟ ವರ್ಲ್ಡ್ ಅಥ್ಲೆಟಿಕ್ಸ್‌ನ ಕ್ಯಾಲೆಂಡರ್‌ನಲ್ಲಿ ಮುಂಚಿತವಾಗಿ ನೋಂದಣಿಯಾಗಿರಬೇಕು. ಆಯೋಜಕರು ಅರ್ಜಿ ಹಾಕದಿದ್ದರೆ ಆ ದಿನದ ಯಾವ ಫಲಿತಾಂಶಕ್ಕೂ ಅಂತರರಾಷ್ಟ್ರೀಯ ಬೆಲೆಯಿಲ್ಲ. 100, 200 ಮೀಟರ್ ಮತ್ತು ಸ್ಪ್ರಿಂಟ್ ಹರ್ಡಲ್ಸ್ ಓಟಗಳಲ್ಲೂ ಲಾಂಗ್ ಜಂಪ್, ಟ್ರಿಪಲ್ ಜಂಪ್‌ಗಳಲ್ಲೂ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.0 ಮೀಟರ್ ಮೀರಿರಬಾರದು. ಗಾಳಿಮಾಪಕವನ್ನೇ ಇಡದಿದ್ದರೆ ಗಾಳಿ ಇರಲಿಲ್ಲವೆಂದು ಸಾಬೀತು ಮಾಡುವ ಬೇರೆ ದಾರಿ ಇಲ್ಲ. ಕಡಿಮೆ ದೂರದ ಓಟಗಳಲ್ಲಿ ಕೈಗಡಿಯಾರದ ಸಮಯ ನಡೆಯುವುದಿಲ್ಲ. ಫೋಟೊ ಫಿನಿಶ್ ಬೇಕು, ಆ ಯಂತ್ರ ಪಿಸ್ತೂಲಿನ ಜೊತೆ ಸರಿಹೊಂದಿದೆಯೇ ಎಂದು ಓಟಗಳಿಗೆ ಮುಂಚೆ ನೋಡುವ ಶೂನ್ಯ ಪರೀಕ್ಷೆಯೂ ಆಗಿರಬೇಕು. ರಸ್ತೆ ಓಟಕ್ಕೆ ದೂರವನ್ನು ಮಾನ್ಯತೆ ಪಡೆದ ಅಳತೆಗಾರರೇ ಅಳೆದಿರಬೇಕು. ಕೂಟದ ತಾಂತ್ರಿಕ ಅಧಿಕಾರಿಗಳನ್ನು ನೇಮಿಸುವುದು ನಿಮ್ಮ ಫೆಡರೇಷನ್ ಅಥವಾ ಅದರ ಅಂಗಸಂಸ್ಥೆಗಳು. ಹಾಗಾಗಿ ಇವಿಷ್ಟರಲ್ಲಿ ಯಾವುದು ತಪ್ಪಿದರೂ ಅದರ ಭಾರ ಕ್ರೀಡಾಪಟುವಿನ ಮೇಲೆ ಬೀಳಬಾರದು. ಬೀಳುತ್ತಿರುವುದು ಮಾತ್ರ ಅವರ ಮೇಲೆಯೇ.

ರ‍್ಯಾಂಕಿಂಗ್‌ನ ಲೆಕ್ಕ ಬೇರೆ. ಹೆಚ್ಚಿನ ಸ್ಪರ್ಧೆಗಳಲ್ಲಿ ಅತ್ಯುತ್ತಮ 5 ಸಾಧನೆಗಳ ಸರಾಸರಿ ತೆಗೆಯುತ್ತಾರೆ. ಪ್ರತಿ ಸಾಧನೆಗೆ ಎರಡು ಬಗೆಯ ಅಂಕ: ಒಂದು ಸಮಯಕ್ಕೆ ಅಥವಾ ದೂರಕ್ಕೆ, ಇನ್ನೊಂದು ಆ ಕೂಟದಲ್ಲಿ ಪಡೆದ ಸ್ಥಾನಕ್ಕೆ. ಸ್ಥಾನದ ಅಂಕ ಕೂಟದ ದರ್ಜೆಯ ಮೇಲೆ ನಿಂತಿದೆ. ವಿಶ್ವ ಚಾಂಪಿಯನ್‌ಷಿಪ್, ಡೈಮಂಡ್ ಲೀಗ್‌ಗಳು ಮೇಲಿನ ದರ್ಜೆಯವು. ಸಣ್ಣ ಆಹ್ವಾನಿತ ಕೂಟವೊಂದರಲ್ಲಿ ಮೊದಲು ಬಂದವರಿಗಿಂತ, ಅದೇ ಸಮಯದಲ್ಲಿ ಓಡಿ ಖಂಡದ ಚಾಂಪಿಯನ್‌ಷಿಪ್‌ನಲ್ಲಿ ಮೂರನೆಯವರಾದವರಿಗೆ ಹೆಚ್ಚು ಅಂಕ ಸಿಗಬಹುದು. ಹಿರಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೂ ಗೌರವದ ದರ್ಜೆಯಿದೆ. ಆದ್ದರಿಂದ ರಾಷ್ಟ್ರೀಯ ಕೂಟವನ್ನು ಯಾವ ವಾರ ಇಡುತ್ತೀರಿ ಎಂಬುದು ಬರೀ ಮೈದಾನ ಸಿಗುವ ಪ್ರಶ್ನೆಯಲ್ಲ. ಅವಧಿ ಮುಗಿದ ವಾರಕ್ಕೆ ಅದನ್ನು ಮುಂದೂಡಿದರೆ ನಿಮ್ಮದೇ ಓಟಗಾರರ ಒಂದು ಒಳ್ಳೆಯ ಅಂಕವನ್ನು ನೀವೇ ಕಿತ್ತುಕೊಂಡಂತೆ. ವಿದೇಶಿ ಕೂಟಗಳಿಗೆ ಯಾರನ್ನು ಕಳಿಸುತ್ತೀರಿ, ವೀಸಾ ಕಾಗದ ಎಂದು ಕೊಡುತ್ತೀರಿ ಎಂಬುದೂ ಹೀಗೆ ಆಯ್ಕೆಯ ಭಾಗವೇ. ಐದು ಸಾಧನೆಗಳಲ್ಲಿ ನಾಲ್ಕು ಇಟ್ಟುಕೊಂಡು ಐದನೆಯದಕ್ಕೆ ಕೂಟ ಹುಡುಕುತ್ತಿರುವವರು ಪಟ್ಟಿಯಲ್ಲಿ ಕೆಳಗೆ ಕಾಣುತ್ತಾರೆ. ಕಾರಣ ಕಾಲಿನಲ್ಲಿಲ್ಲ, ಪ್ರಯಾಣದಲ್ಲಿದೆ.

ರಿಲೇಯಲ್ಲಿ ಸೀಟು ತಂಡದ್ದು. ಪ್ಯಾರಿಸ್‌ನಲ್ಲಿ ಪ್ರತಿ ರಿಲೇಗೆ 16 ತಂಡ; 14 ಬಂದದ್ದು 2024ರ ಮೇ ತಿಂಗಳಲ್ಲಿ ಬಹಾಮಾಸ್‌ನ ನಸ್ಸೌನಲ್ಲಿ ನಡೆದ ವಿಶ್ವ ರಿಲೇ ಕೂಟದಿಂದ, ಉಳಿದ 2 ಅವಧಿಯ ಉತ್ತಮ ಸಮಯದ ಪಟ್ಟಿಯಿಂದ. ಅಲ್ಲಿ ಬ್ಯಾಟನ್ ಹಿಡಿದ ನಾಲ್ವರಿಗೇ ಒಲಿಂಪಿಕ್ಸ್ ಎಂದು ಎಲ್ಲಿಯೂ ಬರೆದಿಲ್ಲ. ಬರೆಯಬೇಕಾದವರು ನೀವು.

ಈಜಿನ ನಿಯಮ ಸರಳ, ಆದರೆ ಅದರಲ್ಲೂ ಒಂದು ಮುಳ್ಳಿದೆ. ಎರಡು ಸಮಯಗಳು ಇರುತ್ತವೆ: ಒಂದು ಅರ್ಹತಾ ಸಮಯ, ಇನ್ನೊಂದು ಪರಿಗಣನಾ ಸಮಯ. ಪುರುಷರ 100 ಮೀಟರ್ ಫ್ರೀಸ್ಟೈಲ್‌ಗೆ ಪ್ಯಾರಿಸ್‌ನಲ್ಲಿ ಇವು 48.34 ಮತ್ತು 48.58, ಅಂದರೆ ಅರ್ಧ ಶೇಕಡಾ ಅಂತರ. ಮೊದಲನೆಯದನ್ನು ಮುಟ್ಟಿದವರು ದೇಶಕ್ಕೆ ಇಬ್ಬರವರೆಗೆ ಹೋಗಬಹುದು. ಎರಡನೆಯದನ್ನು ಮಾತ್ರ ಮುಟ್ಟಿದವರು ಒಟ್ಟು ಸಂಖ್ಯೆಯಲ್ಲಿ ಜಾಗ ಉಳಿದರೆ ಕರೆ ಬರುವವರೆಗೆ ಕಾಯಬೇಕು. ಪರಿಗಣನಾ ಸಮಯಕ್ಕೆ 'ಅರ್ಹತೆ ಪಡೆದರು' ಎಂದು ಪ್ರಕಟಣೆ ಹೊರಡಿಸುವುದನ್ನು ದಯವಿಟ್ಟು ನಿಲ್ಲಿಸಿ.

ಇನ್ನು ಕೋಟಾ ದೇಶಕ್ಕೆ ಸೇರುವ ಕ್ರೀಡೆಗಳು. ಕುಸ್ತಿಯ ಲೆಕ್ಕ ನೋಡಿ. ಪ್ಯಾರಿಸ್‌ನಲ್ಲಿ 18 ತೂಕ ವಿಭಾಗ, ಒಂದೊಂದರಲ್ಲೂ ಮೂಲತಃ 16 ಸೀಟು. 2023ರ ಸೆಪ್ಟೆಂಬರ್‌ನಲ್ಲಿ ಬೆಲ್‌ಗ್ರೇಡ್‌ನ ವಿಶ್ವ ಚಾಂಪಿಯನ್‌ಷಿಪ್‌ನಿಂದ 5. ನಾಲ್ಕು ಖಂಡೀಯ ಅರ್ಹತಾ ಕೂಟಗಳಲ್ಲಿ ಫೈನಲ್ ಮುಟ್ಟಿದ ಇಬ್ಬಿಬ್ಬರಂತೆ 8. 2024ರ ಮೇನಲ್ಲಿ ಇಸ್ತಾನ್‌ಬುಲ್‌ನ ಕೊನೆಯ ಕೂಟದಿಂದ 3. ಒಂದು ದೇಶಕ್ಕೆ ಒಂದು ವಿಭಾಗದಲ್ಲಿ ಒಂದೇ ಸೀಟು. 53 ಕೆಜಿಯಲ್ಲಿ ಗೆದ್ದ ಸೀಟನ್ನು 50 ಕೆಜಿಗೆ ಒಯ್ಯುವಂತಿಲ್ಲ. ಸೆಪ್ಟೆಂಬರ್‌ನಲ್ಲಿ ಸೀಟು ಗೆದ್ದವರು ಮುಂದಿನ ಆಗಸ್ಟ್‌ವರೆಗೆ 11 ತಿಂಗಳು ಕಾಯುತ್ತಾರೆ. ಅಷ್ಟರಲ್ಲಿ ಅವರ ಮೊಣಕಾಲು ಕೈಕೊಡಬಹುದು, ಅದೇ ವಿಭಾಗದಲ್ಲಿ ಇನ್ನೊಬ್ಬರು ಬೆಳೆದು ನಿಲ್ಲಬಹುದು.

ಗೆದ್ದವರಿಗೇ ಕೊಡಬೇಕೋ, ಮತ್ತೆ ಟ್ರಯಲ್ಸ್ ಇಡಬೇಕೋ? ಎರಡಕ್ಕೂ ಸಮರ್ಥನೆಯಿದೆ. ಕೊಟ್ಟುಬಿಟ್ಟರೆ ಗೆದ್ದವರು ನೆಮ್ಮದಿಯಿಂದ ತಯಾರಾಗುತ್ತಾರೆ. ಟ್ರಯಲ್ಸ್ ಇಟ್ಟರೆ ಆ ಹೊತ್ತಿನ ಬಲಶಾಲಿ ಹೋಗುತ್ತಾರೆ, ಆದರೆ ತೂಕ ಇಳಿಸುವ ಸಂಕಟ ಇನ್ನೊಂದು ಸಲ, ಗಾಯದ ಅಪಾಯವೂ ಇನ್ನೊಂದು ಸಲ. ನಮಗೆ ಸರಿ ಕಾಣುವುದು ನಡುವಿನ ದಾರಿ: ಉಳಿದವರು ತಮ್ಮೊಳಗೆ ಸೆಣಸಿ ಒಬ್ಬರು ಉಳಿಯಲಿ, ಆ ಒಬ್ಬರು ಸೀಟು ಗೆದ್ದವರಿಗೆ ಸವಾಲು ಹಾಕಲಿ, ಒಂದೇ ಬಾರಿ, ಮೊದಲೇ ಹೇಳಿದ ದಿನದಂದು. ನಮ್ಮ ಅಭಿಪ್ರಾಯ ನೀವು ಒಪ್ಪಬೇಕಿಲ್ಲ. ಆದರೆ ಯಾವ ದಾರಿ ಹಿಡಿಯುತ್ತೀರಿ ಎಂಬುದು ವಿಶ್ವ ಚಾಂಪಿಯನ್‌ಷಿಪ್‌ಗೆ ವಿಮಾನ ಹತ್ತುವ ಮೊದಲೇ ಎಲ್ಲರಿಗೂ ಗೊತ್ತಿರಬೇಕು. ಸೀಟು ಬಂದ ಮೇಲೆ, ಯಾರು ತಂದರು ನೋಡಿಕೊಂಡು ತೀರ್ಮಾನಿಸುವುದಾದರೆ ಅದು ಆಯ್ಕೆಯಲ್ಲ, ಹಂಚಿಕೆ.

ಕೆಲವು ಕ್ರೀಡೆಗಳಲ್ಲಿ ಹಾಜರಿಯೇ ಷರತ್ತು. ಪ್ಯಾರಿಸ್‌ಗೆ ಹೋಗುವ ವೇಟ್‌ಲಿಫ್ಟರ್‌ಗಳು 2023ರ ವಿಶ್ವ ಚಾಂಪಿಯನ್‌ಷಿಪ್ ಮತ್ತು 2024ರ ವಿಶ್ವಕಪ್ ಎರಡರಲ್ಲೂ ಪಾಲ್ಗೊಳ್ಳಲೇಬೇಕಿತ್ತು, ಅವುಗಳ ಜೊತೆಗೆ ಪಟ್ಟಿಯಲ್ಲಿದ್ದ ಇನ್ನೂ ಕನಿಷ್ಠ ಮೂರು ಕೂಟಗಳಲ್ಲಿ. ಇಂಥ ಕಡ್ಡಾಯ ಕೂಟಕ್ಕೆ ಟಿಕೆಟ್ ಮಂಜೂರಾಗುವುದು ಒಂದು ವಾರ ತಡವಾದರೂ ವರ್ಷಗಳ ಶ್ರಮ ಅಲ್ಲಿಗೆ ಮುಗಿಯಿತು. ಬ್ಯಾಡ್ಮಿಂಟನ್‌ನಲ್ಲಿ ಅರ್ಹತಾ ವರ್ಷ 2023ರ ಮೇ 1ರಿಂದ 2024ರ ಏಪ್ರಿಲ್ 28; ಒಂದೇ ದೇಶದ ಇಬ್ಬರು ಸಿಂಗಲ್ಸ್‌ಗೆ ಹೋಗಬೇಕಾದರೆ ಇಬ್ಬರೂ ಮೊದಲ 16ರೊಳಗೆ ಇರಬೇಕು. ಟೆನಿಸ್‌ನಲ್ಲಿ 2024ರ ಜೂನ್ 10ರ ರ‍್ಯಾಂಕಿಂಗ್, ದೇಶಕ್ಕೆ ಸಿಂಗಲ್ಸ್‌ನಲ್ಲಿ ನಾಲ್ವರು ಮಾತ್ರ. ಗಾಲ್ಫ್‌ನಲ್ಲಿ 60 ಮಂದಿ. ಮೊದಲ 15ರೊಳಗಿದ್ದರೆ ದೇಶಕ್ಕೆ ನಾಲ್ವರವರೆಗೆ, ಅದರಾಚೆ ಇಬ್ಬರು. ಇಲ್ಲೆಲ್ಲ ನಿಮ್ಮ ಕೆಲಸ ಕಡಿಮೆ: ದಿನಾಂಕ ಹೇಳಿ, ದಾರಿ ಬಿಡಿ.

ತಂಡದ ಆಟಗಳಲ್ಲಿ ಗೊಂದಲ ಹುಟ್ಟುವುದು ಕ್ಯಾಲೆಂಡರ್‌ನಿಂದ. ಹಾಕಿಯಲ್ಲಿ 12 ತಂಡಗಳು: ಆತಿಥೇಯರು, ಐದು ಖಂಡಗಳ ಚಾಂಪಿಯನ್ನರು, ಎರಡು ಅರ್ಹತಾ ಟೂರ್ನಿಗಳಿಂದ ಮೂರು ಮೂರರಂತೆ ಆರು. ಆ ಟೂರ್ನಿಗಳಲ್ಲಿ ಫೈನಲ್‌ಗಿಂತ ಮೂರನೇ ಸ್ಥಾನದ ಪಂದ್ಯವೇ ದೊಡ್ಡದು. ಫೈನಲ್ ಆಡುವ ಇಬ್ಬರೂ ಆಗಲೇ ಒಳಗೆ, ಮೂರನೇ ಸ್ಥಾನಕ್ಕೆ ಸೋತವರು ಹೊರಗೆ. ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆತಿಥೇಯ ಫ್ರಾನ್ಸ್ ಒಂದು, 2023ರ ವಿಶ್ವಕಪ್‌ನಿಂದ ಖಂಡವಾರು ಏಳು, ಕೊನೆಯ ನಾಲ್ಕು ಸೀಟಿಗೆ 24 ತಂಡಗಳು ನಾಲ್ಕು ಊರುಗಳಲ್ಲಿ ಸೆಣಸಿದವು. ಆ ಟೂರ್ನಿಗಳು ಮುಗಿದದ್ದು 2024ರ ಜುಲೈ 7ರಂದು. ಪ್ಯಾರಿಸ್‌ಗೆ ಹೆಸರು ಕಳಿಸುವ ಕೊನೆಯ ದಿನ ಜುಲೈ 8. ಹಿಂದಿನ ರಾತ್ರಿ ಗೆದ್ದ ತಂಡದ ಎಂಟ್ರಿ ಮರುದಿನ ಹೋಗಬೇಕು ಎಂದರೆ, ಗೆಲ್ಲಬಹುದಾದ ಎಲ್ಲರ ಪಾಸ್‌ಪೋರ್ಟ್ ಪ್ರತಿ, ಫೋಟೊ, ಸಹಿ ಮಾಡಿದ ಷರತ್ತುಪತ್ರಗಳು ತಿಂಗಳುಗಳ ಹಿಂದೆಯೇ ಉದ್ದ ಪಟ್ಟಿಯಲ್ಲಿ, ಅಂದರೆ ಸಂಭಾವ್ಯರೆಲ್ಲರ ಮೊದಲ ಪಟ್ಟಿಯಲ್ಲಿ, ಸೇರಿರಬೇಕು. ಉದ್ದ ಪಟ್ಟಿಯಲ್ಲಿ ಇಲ್ಲದವರನ್ನು ಗಾಯಾಳುವಿನ ಬದಲಿಗೂ ತರಲಾಗದು. ಸಂಭಾವ್ಯರ ಹೆಸರು ಸೇರಿಸಲು ಜಿಪುಣತನ ಮಾಡಬೇಡಿ, ಅದಕ್ಕೆ ಕೋಟಾದ ಮಿತಿ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ: ಕ್ರೀಡೆಯ ದೇಶ ಮತ್ತು ಒಲಿಂಪಿಕ್ ದೇಶ ಒಂದೇ ಆಗಿರಬೇಕೆಂದಿಲ್ಲ. ಫುಟ್‌ಬಾಲ್‌ನಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಬೇರೆ ಬೇರೆ. ಒಲಿಂಪಿಕ್ಸ್‌ನಲ್ಲಿ ಗ್ರೇಟ್ ಬ್ರಿಟನ್ ಒಂದೇ. ಪ್ಯಾರಿಸ್‌ನ ಮಹಿಳಾ ಫುಟ್‌ಬಾಲ್‌ಗೆ ಬ್ರಿಟನ್ನಿನ ಪರವಾಗಿ ಸೀಟು ಗಳಿಸುವ ಹೊಣೆ ಇಂಗ್ಲೆಂಡ್ ಹೊತ್ತಿತ್ತು, ಯುರೋಪಿನ ನೇಷನ್ಸ್ ಲೀಗ್‌ನ ಗುಂಪಿನಲ್ಲಿ ಅದು ಮೊದಲ ಸ್ಥಾನ ಪಡೆಯಲಿಲ್ಲ, ಬ್ರಿಟನ್ ಹೊರಗುಳಿಯಿತು. ಕ್ರಿಕೆಟ್‌ನಲ್ಲಿ ಇದರ ತದ್ವಿರುದ್ಧ: ವೆಸ್ಟ್ ಇಂಡೀಸ್ ಒಂದು ತಂಡ, ಆದರೆ ದ್ವೀಪಗಳಿಗೆ ಪ್ರತ್ಯೇಕ ಒಲಿಂಪಿಕ್ ಸಮಿತಿಗಳು. 1998ರ ಕ್ವಾಲಾಲಂಪುರ ಕಾಮನ್‌ವೆಲ್ತ್ ಕೂಟದಲ್ಲಿ ಬಾರ್ಬಡೋಸ್, ಜಮೈಕಾ, ಆಂಟಿಗುವಾ ಬೇರೆ ಬೇರೆಯಾಗಿ ಆಡಿದವು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಹಿಳೆಯರ ಕ್ರಿಕೆಟ್‌ಗೆ ಬಾರ್ಬಡೋಸ್ ಹೋಯಿತು. 2028ರಲ್ಲಿ ಪುರುಷರಿಗೂ ಮಹಿಳೆಯರಿಗೂ ತಲಾ 6 ತಂಡಗಳಷ್ಟೇ ಇರುವಾಗ ಇದು ಚಿಕ್ಕ ವಿಷಯವಲ್ಲ. ಪೌರತ್ವ ಬದಲಿಸಿದವರ ವಿಷಯದಲ್ಲೂ ಎಚ್ಚರ: ಒಂದು ದೇಶದ ಪರ ಆಡಿದವರು ಇನ್ನೊಂದರ ಪರ ಒಲಿಂಪಿಕ್ಸ್‌ನಲ್ಲಿ ಇಳಿಯಲು ಸಾಮಾನ್ಯವಾಗಿ 3 ವರ್ಷ ಕಳೆದಿರಬೇಕು. ಸಂಬಂಧಪಟ್ಟವರೆಲ್ಲ ಒಪ್ಪಿದರೆ ಮಾತ್ರ ಅದು ಕಡಿಮೆಯಾದೀತು.

ಪ್ಯಾರಾಲಿಂಪಿಕ್ಸ್‌ನ ಕ್ರೀಡಾಪಟುಗಳಿಗೆ ಮೊದಲ ಬಾಗಿಲು ವರ್ಗೀಕರಣ, ಅಂದರೆ ಅಂಗವೈಕಲ್ಯದ ಬಗೆ ನೋಡಿ ಯಾವ ವರ್ಗದಲ್ಲಿ ಸ್ಪರ್ಧಿಸಬೇಕೆಂದು ಗೊತ್ತು ಮಾಡುವುದು. ದೇಶದೊಳಗೆ ಸಿಕ್ಕ ವರ್ಗ ಅಲ್ಲಿ ನಡೆಯುವುದಿಲ್ಲ. ಅಂತರರಾಷ್ಟ್ರೀಯ ವರ್ಗೀಕಾರರು ನೋಡಿ ಖಚಿತಗೊಳಿಸಿರಬೇಕು, ಇಲ್ಲವೇ ಮರುಪರಿಶೀಲನೆಯ ದಿನಾಂಕ ಕ್ರೀಡಾಕೂಟದ ವರ್ಷ ಮುಗಿದ ಮೇಲಿರಬೇಕು. ವರ್ಗೀಕಾರರು ಇರುವುದು ಆಯ್ದ ಕೂಟಗಳಲ್ಲಿ, ಅಲ್ಲಿಯ ಸಮಯದ ಸರದಿಯೂ ಸೀಮಿತ. ಮಟ್ಟ ಮುಟ್ಟಿಯೂ ವರ್ಗ ಖಚಿತವಾಗದೆ ಉಳಿದವರಿಗೆ ಕೊನೆಯ ವಸಂತದಲ್ಲಿ ಮಾಡಲು ಏನೂ ಇರುವುದಿಲ್ಲ. ಹೊಸಬರನ್ನು ಎರಡು ವರ್ಷ ಮೊದಲೇ ಅಂಥ ಕೂಟಕ್ಕೆ ಕಳಿಸಿ.

ಈಗ ಎಲ್ಲಕ್ಕಿಂತ ಕಹಿಯಾದದ್ದು. ಉದ್ದೀಪನ ಮದ್ದು ಪರೀಕ್ಷೆ ಎಂದರೆ ತಪ್ಪು ಮಾಡಿದವರ ತಲೆನೋವು ಎಂದುಕೊಳ್ಳುವವರು ಇನ್ನೂ ಇದ್ದಾರೆ. ಪರೀಕ್ಷೆಗೆಂದು ನೋಂದಾಯಿಸಿದ ಪಟ್ಟಿಯಲ್ಲಿರುವವರು ದಿನಕ್ಕೆ 60 ನಿಮಿಷ ಎಲ್ಲಿ ಸಿಗುತ್ತೇವೆಂದು ಮುಂಚಿತವಾಗಿ ತಿಳಿಸಿರಬೇಕು. 12 ತಿಂಗಳಲ್ಲಿ ಮೂರು ಬಾರಿ ತಪ್ಪಿದರೆ, ದೇಹದಲ್ಲಿ ಏನೂ ಇಲ್ಲದಿದ್ದರೂ 2 ವರ್ಷದವರೆಗೆ ನಿಷೇಧ. ಇದು ಕ್ರೀಡಾಪಟುವಿನ ಹೊಣೆ. ಫೆಡರೇಷನ್‌ನ ಹೊಣೆಯೂ ಇದೆ: ಅಥ್ಲೆಟಿಕ್ಸ್‌ನಲ್ಲಿ ಅಪಾಯ ಹೆಚ್ಚೆಂದು ಗುರುತಿಸಿದ ದೇಶಗಳ ಅಥ್ಲೀಟ್‌ಗಳು ದೊಡ್ಡ ಕೂಟಕ್ಕೆ ಮುಂಚಿನ 10 ತಿಂಗಳಲ್ಲಿ ಕನಿಷ್ಠ 3 ಬಾರಿ, ಕನಿಷ್ಠ ಮೂರು ವಾರಗಳ ಅಂತರವಿಟ್ಟು, ಮುನ್ಸೂಚನೆಯಿಲ್ಲದೆ ಸ್ಪರ್ಧೆಯ ಹೊರಗೆ ಪರೀಕ್ಷೆಗೆ ಒಳಗಾಗಿರಬೇಕು. ಟೋಕಿಯೋದಲ್ಲಿ ಈ ಲೆಕ್ಕ ತಪ್ಪಿ ನೈಜೀರಿಯಾದ 10 ಅಥ್ಲೀಟ್‌ಗಳು ಟ್ರ್ಯಾಕ್‌ಗೆ ಇಳಿಯದೆ ಉಳಿದರು. ಯಾರ ಮಾದರಿಯಲ್ಲೂ ದೋಷ ಸಿಕ್ಕಿರಲಿಲ್ಲ. ನಿಯಮ ಕೇಳುವಷ್ಟು ಪರೀಕ್ಷೆಗಳೇ ಆಗಿರಲಿಲ್ಲ. ಆ ಹತ್ತು ಮಂದಿಯಲ್ಲಿ ಫೇವರ್ ಒಫಿಲಿ ಒಬ್ಬರು. ಮೂರು ವರ್ಷಗಳ ನಂತರ ಪ್ಯಾರಿಸ್‌ನ 100 ಮೀಟರ್‌ಗೂ ಅವರು ಅರ್ಹರಾಗಿದ್ದರು, ಎಂಟ್ರಿ ಪಟ್ಟಿಯಲ್ಲಿ ಹೆಸರಿರಲಿಲ್ಲ. 200 ಮೀಟರ್ ಓಡಿ ಫೈನಲ್‌ನಲ್ಲಿ 6ನೆಯವರಾದರು. ಎಂಟ್ರಿ ತುಂಬಿದ ಮೇಲೆ ಸಲ್ಲಿಸಿದ ಪಟ್ಟಿಯ ಪ್ರತಿಯನ್ನು ಅದೇ ದಿನ ಪ್ರತಿ ಕ್ರೀಡಾಪಟುವಿಗೂ ಕೋಚ್‌ಗೂ ಕಳಿಸಿ, ಅವರ ಸಹಿ ಪಡೆಯಿರಿ. ಹತ್ತು ನಿಮಿಷದ ಕೆಲಸ.

ಮಟ್ಟ ಮುಟ್ಟಿದವರನ್ನೂ ಬಿಡುವ ಸಮಿತಿಗಳಿವೆ. ನ್ಯೂಜಿಲೆಂಡ್, ನೆದರ್ಲೆಂಡ್ಸ್‌ನ ಸಮಿತಿಗಳು ಅಂತರರಾಷ್ಟ್ರೀಯ ಮಟ್ಟಕ್ಕಿಂತ ಬಿಗಿಯಾದ ತಮ್ಮದೇ ಷರತ್ತು ಹಾಕುವುದಕ್ಕೆ ಹೆಸರಾಗಿವೆ. ಇದು ನಿಯಮಬಾಹಿರವಲ್ಲ. ನಮಗೆ ಇಷ್ಟವೂ ಅಲ್ಲ, ಆದರೆ ಅವರು ಮೊದಲೇ ಬರೆದು ಹೇಳುತ್ತಾರೆ, ಅಷ್ಟರಮಟ್ಟಿಗೆ ನ್ಯಾಯ. ಬಳಸದ ಸೀಟನ್ನು ಮಾತ್ರ ಕೊನೆಯ ಗಳಿಗೆವರೆಗೆ ಹಿಡಿದುಕೊಳ್ಳಬೇಡಿ. ನೀವು ಬೇಡವೆಂದ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ, ಉತ್ತರ ಕೊಡಲು ಅವರ ಸಮಿತಿಗೂ ಕೆಲವೇ ದಿನ ಇರುತ್ತವೆ. ಅರ್ಹತಾ ಮಟ್ಟ ಮುಟ್ಟದಿದ್ದರೂ ಸಿಗುವ, ಸಣ್ಣ ದೇಶಗಳಿಗಿರುವ ಸಾರ್ವತ್ರಿಕ ಸೀಟುಗಳ ಬಗ್ಗೆ ಹಗುರವಾಗಿ ಮಾತಾಡುವುದೂ ಬೇಡ. ಸಿಡ್ನಿ 2000ರಲ್ಲಿ ಈಕ್ವಟೋರಿಯಲ್ ಗಿನಿಯ ಎರಿಕ್ ಮುಸಂಬಾನಿ 100 ಮೀಟರ್ ಈಜಲು 1 ನಿಮಿಷ 52.72 ಸೆಕೆಂಡ್ ತೆಗೆದುಕೊಂಡದ್ದನ್ನು ನೋಡಿ ನಕ್ಕವರಿದ್ದರು. ಆ ಸೀಟು ಇರುವುದೇ ಅವರಂಥವರಿಗಾಗಿ, ಅವರು ಯಾರ ಜಾಗವನ್ನೂ ಕಿತ್ತುಕೊಂಡಿರಲಿಲ್ಲ.

ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್‌ನಂಥ ಕೂಟಗಳ ಹಲವು ಕ್ರೀಡೆಗಳಲ್ಲಿ ಹೊರಗಿನ ಅರ್ಹತಾ ಸುತ್ತೇ ಇರುವುದಿಲ್ಲ. ದೇಶಕ್ಕೆ ಇಷ್ಟು ಮಂದಿ ಎಂದಿರುತ್ತದೆ, ಉಳಿದದ್ದು ಪೂರ್ತಿ ನಿಮ್ಮ ವಿವೇಚನೆ. ಹಾಗಾಗಿ ಬರೆದ ನಿಯಮ ಅಲ್ಲಿ ಇನ್ನೂ ಹೆಚ್ಚು ಅಗತ್ಯ.

ಆ ನಿಯಮದಲ್ಲಿ ಏನಿರಬೇಕು? ಸೀಟು ಗೆದ್ದವರದ್ದೋ, ಟ್ರಯಲ್ಸ್ ಗೆದ್ದವರದ್ದೋ. ಟ್ರಯಲ್ಸ್ ಆದರೆ ದಿನ, ಜಾಗ, ತೂಕದ ಸಡಿಲಿಕೆ ಇದೆಯೋ ಇಲ್ಲವೋ. ಮಿತಿಗಿಂತ ಹೆಚ್ಚು ಮಂದಿ ಅರ್ಹರಾದರೆ ಯಾವ ಅಳತೆಯಿಂದ ಇಳಿಸುತ್ತೀರಿ: ಅವಧಿಯ ಉತ್ತಮ ಸಾಧನೆಯೋ, ರ‍್ಯಾಂಕಿಂಗೋ, ರಾಷ್ಟ್ರೀಯ ಕೂಟದ ಸ್ಥಾನವೋ. ಗಾಯಾಳುವಿಗೆ ವಿನಾಯಿತಿ ಕೊಡುವುದಾದರೆ ಯಾವ ವೈದ್ಯಕೀಯ ಪತ್ರ, ಯಾವ ದಿನದೊಳಗೆ, ಚೇತರಿಕೆಯನ್ನು ಯಾರು ಪರೀಕ್ಷಿಸುತ್ತಾರೆ. ವಿವೇಚನೆಗೆಂದು ಎಷ್ಟು ಸೀಟು ಇಟ್ಟುಕೊಂಡಿದ್ದೀರಿ. ಆಯ್ಕೆಗಾರರಲ್ಲಿ ಯಾರ ಶಿಷ್ಯರು ಸ್ಪರ್ಧೆಯಲ್ಲಿದ್ದರೆ ಅವರು ಆ ದಿನದ ಸಭೆಯಿಂದ ಎದ್ದು ಹೋಗುತ್ತಾರೆಯೇ.

ಕೊನೆಯದಾಗಿ ಮೇಲ್ಮನವಿ. ಒಲಿಂಪಿಕ್ಸ್ ವೇಳೆ ಕೆಲಸ ಮಾಡುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದ ತಾತ್ಕಾಲಿಕ ವಿಭಾಗ 1996ರ ಅಟ್ಲಾಂಟಾದಿಂದ ಇದೆ, ಸಾಮಾನ್ಯವಾಗಿ 24 ಗಂಟೆಯೊಳಗೆ ತೀರ್ಪು ಕೊಡುತ್ತದೆ. ಆದರೆ ಅದು ಕೈಗೆತ್ತಿಕೊಳ್ಳುವುದು ಉದ್ಘಾಟನೆಗೆ ಹಿಂದಿನ 10 ದಿನಗಳಲ್ಲಿ ಅಥವಾ ಕೂಟ ನಡೆಯುವಾಗ ಹುಟ್ಟಿದ ವಿವಾದಗಳನ್ನು ಮಾತ್ರ. ನಿಮ್ಮ ಆಯ್ಕೆ ಪತ್ರಕ್ಕೆ ಅದಕ್ಕಿಂತ ಹಿಂದಿನ ದಿನಾಂಕ ಇದ್ದು, ದೇಶದೊಳಗೆ ಕೇಳುವವರೂ ಇಲ್ಲದಿದ್ದರೆ ಕ್ರೀಡಾಪಟುವಿಗೆ ಎರಡೂ ಕಡೆ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ತಂಡವನ್ನು ಪ್ರಕಟಿಸುವ ದಿನಕ್ಕೂ ಎಂಟ್ರಿಯ ಕೊನೆಯ ದಿನಕ್ಕೂ ನಡುವೆ ಕನಿಷ್ಠ ಎರಡು ವಾರ ಬಿಡಿ, ಆಯ್ಕೆ ಸಮಿತಿಯಲ್ಲಿ ಇಲ್ಲದ ಮೂವರನ್ನು ಮೇಲ್ಮನವಿಗೆಂದು ನೇಮಿಸಿ, ಅವರ ಹೆಸರನ್ನು ಅದೇ ಕಾಗದದಲ್ಲಿ ಸೇರಿಸಿ. ಲಾಸ್ ಏಂಜಲಿಸ್ ಕೂಟ 2028ರ ಜುಲೈ 14ರಂದು ಶುರು. ನಿಮ್ಮ ಕ್ರೀಡೆಯ ಮೊದಲ ಅರ್ಹತಾ ಕೂಟ ಎಂದು ನೋಡಿ, ಅದಕ್ಕಿಂತ ಒಂದು ತಿಂಗಳು ಹಿಂದಿನ ದಿನಾಂಕವನ್ನು ಆ ಕಾಗದದ ಮೇಲೆ ಹಾಕಿ.

ಇಂತಿ,
ಅರ್ಹತಾ ನಿಯಮಗಳ ನಡುವೆಯೇ ಕೆಲಸ ಮಾಡುವ ಕೋಚ್‌ಗಳು, ತಂಡದ ಮ್ಯಾನೇಜರ್‌ಗಳು, ಫಲಿತಾಂಶ ದಾಖಲಿಸುವವರು